ಲೈಫ್‌ಟೈಮ್ ಸಿಮ್ಮು, ಯಾರ ಲೈಫು?

999 ರೂಪಾಯಿ ಕೊಟ್ಟು ಲೈಫ್‌ಟೈಮ್ ಸಿಮ್ ತಗೊಂಡಿದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? 2005ರ ಕೊನೆ, 2006ರ ಶುರುವಿನಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಇದನ್ನು ಮಾರಲು ಹೊರಟವು. ಒಂದು ಸಲ ದುಡ್ಡು ಕಟ್ಟಿ, ಆಮೇಲೆ ಆಗಾಗ ಸ್ವಲ್ಪ ಟಾಪ್‌ಅಪ್ ಹಾಕ್ತಾ ಇದ್ರೆ ಸಾಕು, ಇನ್‌ಕಮಿಂಗ್ ಜೀವನಪೂರ್ತಿ! ನಮ್ಮ ಅಪ್ಪ ಅಂಕೋಲೆಗೆ ಹೋದವರು ಒಂದು ಖಾಸಗಿ ಕಂಪನಿಯ ಸಿಮ್ ಹಿಡಿದುಕೊಂಡೇ ಅವರ್ಸಾಕ್ಕೆ ವಾಪಸ್ ಬಂದಿದ್ದರು. ಅಪ್ಪನಿಗೆ ಹೇಳಿ ಮಾಡಿಸಿದ ಪ್ಲಾನು ಅದು. ಯಾಕಂದ್ರೆ ಅವರು ಫೋನ್ ಮಾಡುವವರಲ್ಲ, ಎತ್ತುವವರು.

ಆದರೆ 'ಲೈಫ್' ಅಂದರೆ ಯಾರದ್ದು? ಟ್ರಾಯ್ 2006ರಲ್ಲೇ ಇದಕ್ಕೊಂದು ಅರ್ಥ ಕೊಟ್ಟಿತ್ತು. ಕಂಪನಿಗೆ ಲೈಸೆನ್ಸ್ ಇರುವಷ್ಟು ಕಾಲ, ಅದು ನವೀಕರಣವಾದರೆ ಆ ಅವಧಿಯೂ ಸೇರಿ, ಈ ಪ್ಲಾನ್ ನಡೆಸಬೇಕು ಅಂತ. ಅಂದರೆ ಲೈಫು ಅಪ್ಪನದ್ದಲ್ಲ, ಲೈಸೆನ್ಸಿನದ್ದು. ಹೋಗಲಿ, ಅಷ್ಟಾದರೂ ನಡೆಯಿತಾ? 2018ರ ಕೊನೆಗೆ ಖಾಸಗಿ ಕಂಪನಿಗಳು ಹೊಸ ಷರತ್ತು ತಂದವು. 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿ, ಇಲ್ಲದಿದ್ದರೆ ಮೊದಲು ಔಟ್‌ಗೋಯಿಂಗ್ ಬಂದ್, ಆಮೇಲೆ ಇನ್‌ಕಮಿಂಗ್ ಕೂಡ. ಬ್ಯಾಲೆನ್ಸ್ ಇದ್ದವರ ಫೋನನ್ನೂ ಕತ್ತರಿಸಬೇಡಿ ಅಂತ ಟ್ರಾಯ್ ಆ ನವೆಂಬರ್‌ನಲ್ಲಿ ಹೇಳಿತು. ಆದರೆ ಕನಿಷ್ಠ ರೀಚಾರ್ಜ್ ಮಾತ್ರ ಉಳಿದೇ ಉಳಿಯಿತು. (28 ದಿನದ ಮಹಿಮೆ ಗೊತ್ತಲ್ಲ, ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು :-) )

"ಹಂಗಾರೆ ಲೈಫ್‌ಟೈಮ್ ಅಂತ ಎಂತಕ್ಕೆ ಹೇಳಿದ್ರು ತಮಾ?" ಅಂತ ಅಪ್ಪ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಂಬರ್ ಬಿಸಾಕಿ ಬೇರೆ ಸಿಮ್ ತಗೊಳ್ಳಿ ಅಂತ ಹೇಳುವುದು ಸುಲಭ. ಆದರೆ ಮಾಜಾಳಿಯ ಅತ್ತೆಗೆ ಅಕ್ಷರ ಬರುವುದಿಲ್ಲ. ಅಪ್ಪನ ಆ ಹತ್ತು ಅಂಕಿ ಮಾತ್ರ ಬಾಯಿಪಾಠ. ಆ ಕಲಿಕೆಗೂ ಒಂದು ಕಾರಣ ಇದೆ. ಮಾಜಾಳಿ ಕಾರವಾರ ತಾಲೂಕು, ಕರ್ನಾಟಕ. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ ಗಡಿ. ಟೆಲಿಕಾಂ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ಸರ್ಕಲ್ಲಿಗೆ ಸೇರಿದ್ದು. ಅತ್ತೆಯ ಮೊಬೈಲು ಅಡುಗೆಮನೆಯಲ್ಲಿ ಕರ್ನಾಟಕದ ಟವರ್ ಹಿಡಿದರೆ ಅಂಗಳದಲ್ಲಿ ಗೋವಾದ್ದು! ರೋಮಿಂಗಿಗೆ ದುಡ್ಡು ಕೀಳುತ್ತಿದ್ದ ಆ ದಿನಗಳಲ್ಲಿ, ತನ್ನದೇ ಅಂಗಳದಲ್ಲಿ ನಿಂತು ಫೋನ್ ಎತ್ತಿದ್ದಕ್ಕೆ ಬ್ಯಾಲೆನ್ಸ್ ಹೋಗುತ್ತಿತ್ತು. ಹಾಗಾಗಿ ಒಲೆ ಪಕ್ಕ ನಿಂತು ಅಪ್ಪನಿಗೆ ಮಿಸ್ಡ್ ಕಾಲ್ ಕೊಡುವ ಪದ್ಧತಿ ಬಿದ್ದದ್ದು. ಈಗ ರೋಮಿಂಗ್ ಶುಲ್ಕ ಇಲ್ಲ, ಆದರೂ ಅತ್ತೆ ಒಲೆ ಬಿಟ್ಟು ಈಚೆ ಬಂದು ಮಾತಾಡುವುದಿಲ್ಲ.

2024ರ ಜುಲೈ 3, 4ಕ್ಕೆ ಖಾಸಗಿ ಕಂಪನಿಗಳು ಮತ್ತೆ ದರ ಏರಿಸಿದವು. ಬಿಎಸ್ಎನ್ಎಲ್ ಏರಿಸಲಿಲ್ಲ. ಈ ಸಲ ಅಪ್ಪನೇ "ಸಾಕು" ಅಂದರು. ನಂಬರ್ ಉಳಿಸಿಕೊಂಡು ಕಂಪನಿ ಬಿಡುವ ಸೌಲಭ್ಯ ಇಡೀ ದೇಶಕ್ಕೆ ಬಂದದ್ದು 2011ರ ಜನವರಿ 20ಕ್ಕೆ. ಅಪ್ಪನಿಗೆ ಅದರ ಅಗತ್ಯ ಬಿದ್ದದ್ದು ಹದಿಮೂರು ವರ್ಷದ ಮೇಲೆ. ನಾನು ಕಾರವಾರದಿಂದ ಹೋಗಿ, ಪಕ್ಕದ ಮನೆಯವರ ಬಿಎಸ್ಎನ್ಎಲ್ ಫೋನ್ ಇಸಕೊಂಡು ಮನೆಯೆಲ್ಲ ಓಡಾಡಿ ಸಿಗ್ನಲ್ ನೋಡಿದೆ. ಜಗುಲಿಯಲ್ಲಿ ಚೆನ್ನಾಗಿತ್ತು. ಪೋರ್ಟ್ ಮಾಡುವ ಮೊದಲು ಇದೊಂದು ಕೆಲಸ ಮಾಡಿಕೊಳ್ಳಿ, ಕಂಪನಿಯ ನಕ್ಷೆ ನೋಡಿ ಕೂರಬೇಡಿ.

ಇನ್ನೇನು ಎಸ್ಸೆಮ್ಮೆಸ್ ಕಳಿಸಬೇಕು ಅನ್ನುವಾಗ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಎಷ್ಟೋ ಜನ ಮಣ್ಣಿನಡಿ, ಗಂಗಾವಳಿಯಲ್ಲಿ ಹೋದರು. ಊರೂರಿಂದ "ಆರಾಮಿದ್ರಾ?" ಅಂತ ಫೋನು. ಪೋರ್ಟ್ ಆಗುವಾಗ ಕೆಲವು ತಾಸು ಫೋನ್ ಸತ್ತಿರುತ್ತದೆ, ಈಗ ಬೇಡ ಅಂದರು ಅಪ್ಪ. ಬೇಡದ ಕಂಪನಿಗೇ ಹೊಸ ದರದಲ್ಲಿ ಮತ್ತೊಂದು ರೀಚಾರ್ಜ್ ಹೋಯಿತು. ಅದು ಮುಗಿಯುವ ಮೊದಲೇ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಬಿತ್ತು. ಬೆಳಗಾಗುವ ಮೊದಲೇ ಅತ್ತೆಯ ಮಿಸ್ಡ್ ಕಾಲ್.

ಕೊನೆಗೆ ಆಗಸ್ಟ್ ಮುಗಿಯುವಾಗ ಮುಹೂರ್ತ ಕೂಡಿಬಂತು. ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ನಾಲ್ಕು ದಿನದೊಳಗೆ ಹೊಸ ಕಂಪನಿಯವರಿಗೆ ಕೊಡಬೇಕು. ಮೊದಲೆಲ್ಲ ಕಡಿಮೆ ದರದ ಪ್ಲಾನ್‌ಗಳಲ್ಲಿ ಎಸ್ಸೆಮ್ಮೆಸ್ಸೇ ಇಲ್ಲದೆ 1900ಕ್ಕೂ ಹೋಗುತ್ತಿರಲಿಲ್ಲ. ಬಿಟ್ಟು ಹೋಗ್ತೀನಿ ಅಂತ ಹೇಳಲಿಕ್ಕೂ ದೊಡ್ಡ ರೀಚಾರ್ಜ್ ಬೇಕು! ಯಾವ ಪ್ಲಾನ್ ಇದ್ದರೂ ಈ ಎಸ್ಸೆಮ್ಮೆಸ್ ಬಿಡಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಮಾಡಿದ ಮೇಲೆ ಆ ಆಟ ನಿಂತಿತು.

ಕೋಡ್ ಬಂದ ಮರುಗಳಿಗೆಯಿಂದ ಹಳೇ ಕಂಪನಿಯ ಪ್ರೀತಿ ಶುರು. ಎರಡು ದಿನದಲ್ಲಿ ಮೂರು ಫೋನು. ನಿಮಗಾಗಿಯೇ ವಿಶೇಷ ದರ ಇದೆ ಸರ್ ಅಂತ.

"ಇಷ್ಟು ದಿನ ಆ ದರ ಎಲ್ಲಿಟ್ಟಿದ್ರಿ ತಂಗಿ?" ಅಂದರು ಅಪ್ಪ, ತುಂಬಾ ಮೆತ್ತಗೆ. ಆ ಹುಡುಗಿಗೆ ನಗು ಬಂತು. ಪಾಪ, ಅವಳದ್ದೇನು ತಪ್ಪು.

ಮೂರನೇ ದಿನ ಹಳೇ ಸಿಮ್‌ನ ಸಿಗ್ನಲ್ ಹೋಯಿತು, ಹೊಸದಕ್ಕೆ ಬಂತು. ಉಳಿದಿದ್ದ ಹದಿನಾಲ್ಕು ರೂಪಾಯಿ ಬ್ಯಾಲೆನ್ಸ್ ಹೊಸ ಕಡೆಗೆ ಬರುವುದಿಲ್ಲ, ಅದು ನಿಯಮ. ಆ ಹದಿನಾಲ್ಕು ರೂಪಾಯಿ ಯಾರಿಗೆ ಹೋಯ್ತು ಅಂತ ಅಪ್ಪ ಇನ್ನೂ ಕೇಳ್ತಾ ಇದ್ದಾರೆ. ಅತ್ತೆಗೆ ಕಂಪನಿ ಬದಲಾದ ವಿಷಯ ಹೇಳಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.