ಉಮೇದುವಾರನೂ ಅಂತೇವಾಸಿಯೂ

ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರನೆಂಬವನೊಬ್ಬನು ಇರುತ್ತಿದ್ದನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ತಿಂಗಳ ಕೊನೆಯಲ್ಲಿ ಸಂಬಳವೂ ಇಲ್ಲ. ಗುಮಾಸ್ತರ ಮಗ್ಗುಲಲ್ಲಿ ಕುಳಿತು ನಕಲು ತೆಗೆಯುವುದು, ಕಾಗದಗಳನ್ನು ಕಟ್ಟಿಡುವುದು, ಕಡತ ಹೊತ್ತು ತರುವುದು, ಇವೇ ಅವನ ದಿನಚರಿ. ಎಂದಾದರೂ ಒಂದು ಜಾಗ ತೆರವಾದೀತು, ಸಾಹೇಬರ ದೃಷ್ಟಿ ತನ್ನ ಮೇಲೆ ಬಿದ್ದೀತು ಎಂಬುದೊಂದೇ ಅವನಿಗೆ ಆಧಾರ. ಉಮೇದು ಎಂಬ ಪಾರಸಿ ಶಬ್ದಕ್ಕೆ ಆಸೆಯೆಂದೇ ಅರ್ಥವಾದುದರಿಂದ ಆ ಹೆಸರು ಅವನಿಗೆ ಸಾರ್ಥಕವಾಗಿಯೇ ಇದ್ದಿತು. ಅದಕ್ಕಿಂತ ಬಹು ಹಿಂದಿನಿಂದ ಬಂದ ಇನ್ನೊಂದು ಶಬ್ದವುಂಟು: ಅಂತೇವಾಸಿ. ಗುರುವಿನ ಸಮೀಪದಲ್ಲಿ ವಾಸಮಾಡುವವನೆಂದು ಅದರ ಅರ್ಥ. ಅವನೂ ಸಂಬಳವಿಲ್ಲದವನೇ, ಅವನೂ ಸೌದೆ ತಂದವನೇ, ದನ ಕಾಯ್ದವನೇ. ಆದರೆ ಒಬ್ಬನಿಗೆ ಹೆಸರು ಬಂದುದು ಅವನು ಬಯಸುವುದರಿಂದ. ಮತ್ತೊಬ್ಬನಿಗೆ ಬಂದುದು ಅವನು ಇರುವ ಸ್ಥಳದಿಂದ. ಉಮೇದುವಾರನ ಕಣ್ಣು ಬಾಗಿಲ ಮೇಲೆ. ಅಂತೇವಾಸಿಯ ಕಣ್ಣು ಎದುರಿಗಿರುವ ಕೆಲಸದ ಮೇಲೆ.

ಪದವಿ ಮುಗಿಸಿದ ತರುಣ ತರುಣಿಯರು ವಿಶ್ವವಿದ್ಯಾನಿಲಯದ ಯಾವುದಾದರೊಂದು ವಿಭಾಗದಲ್ಲಿ ಆರು ತಿಂಗಳೋ ಒಂದು ವರ್ಷವೋ ಕೆಲಸ ಕಲಿಯುವ ಪದ್ಧತಿ ಈಗ ಎಲ್ಲೆಡೆ ಹಬ್ಬಿದೆ. ಇಂಟರ್ನ್‌ಷಿಪ್ ಎಂಬುದು ಅದಕ್ಕೆ ಬಂದಿರುವ ಹೆಸರು. ಇದರ ಹತ್ತಿರದ ಬಂಧುವಾದ ಅಪ್ರೆಂಟಿಸ್ ಪದ್ಧತಿಗೆ 1961ರಲ್ಲಿಯೇ ಕಾಯಿದೆಯಾಯಿತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ, 2014ರ ತಿದ್ದುಪಡಿಯಿಂದ ಇತರ ಪದವೀಧರರೂ ಅದರ ಆಶ್ರಯಕ್ಕೆ ಬಂದರು. ಕಲಿಯುವವನಿಗೂ ಭತ್ಯ ಸಲ್ಲತಕ್ಕುದು ಎಂಬ ತತ್ತ್ವವನ್ನು ಆ ಕಾಯಿದೆ ಒಪ್ಪಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇಂಥ ಅಭ್ಯಾಸವನ್ನು ಉನ್ನತ ಶಿಕ್ಷಣದ ಅಂಗವಾಗಿ ಭಾವಿಸಿದೆ. ಆದರೂ ಮನೆಗಳಲ್ಲಿ ಕೇಳುವ ಪ್ರಶ್ನೆ ಕಾಯಿದೆಯಿಂದ ಬದಲಾಗಿಲ್ಲ. ‘ಆರು ತಿಂಗಳಾದ ಮೇಲೆ ಏನು?’ ಎಂದು ತಂದೆ ಕೇಳುತ್ತಾರೆ. ಹೆಣ್ಣುಮಗಳಾದರೆ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಪಟ್ಟಣದ ಹಾಸ್ಟೆಲಿನ ಖರ್ಚು, ಬಸ್ಸಿನ ಖರ್ಚು, ಕೈತಪ್ಪಿ ಹೋಗುವ ಬೇರೆ ಅವಕಾಶಗಳು, ಇವೆಲ್ಲವನ್ನೂ ಕೂಡಿಸಿದರೆ ಸಿಗುವ ಭತ್ಯ ಬಲು ಸಣ್ಣದು. ಆ ಪ್ರಶ್ನೆಯನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಮಾತ್ರ, ಹೋದವಳು ಅಲ್ಲಿ ಉಮೇದುವಾರಳಾಗಿ ಕುಳಿತಳೋ ಅಂತೇವಾಸಿಯಾಗಿ ಇದ್ದಳೋ ಎಂಬುದನ್ನು ಹೊಂದಿಕೊಂಡಿರುತ್ತದೆ.

ಎಂ.ಎ. ಪರೀಕ್ಷೆಯಲ್ಲಿ ಒಳ್ಳೆಯ ತರಗತಿ ಪಡೆದು ವಿಶ್ವವಿದ್ಯಾನಿಲಯದ ಹಸ್ತಪ್ರತಿ ಭಂಡಾರವೊಂದರಲ್ಲಿ ಆರು ತಿಂಗಳಿಗೆ ಸೇರಿದ ತರುಣಿಯೊಬ್ಬಳನ್ನು ವಾಚಕರು ಊಹಿಸಿಕೊಳ್ಳಬಹುದು. ಅಪ್ರಕಟಿತ ಕಾವ್ಯವೊಂದನ್ನು ಶೋಧಿಸಿ ಲೇಖನ ಬರೆಯಬೇಕೆಂಬುದು ಅವಳ ಹಂಬಲ. ಮೊದಲ ವಾರ ಅವಳ ಕೈಗೆ ಬಂದುದು ಲೇಖನಿಯಲ್ಲ, ಕುಂಚ. ಓಲೆಗರಿಯ ಕಟ್ಟನ್ನು ಬಿಚ್ಚುವುದು, ಗರಿಗಳ ಮೇಲಿನ ಧೂಳನ್ನು ಮೃದುವಾಗಿ ತೆಗೆಯುವುದು, ಒಣಗಿದ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವುದು, ಅಕ್ಷರ ಕಾಣದಿದ್ದಲ್ಲಿ ಕಾಡಿಗೆ ತುಂಬಿ ಒರೆಸುವುದು, ಹಲಗೆಗಳ ನಡುವೆ ಇಟ್ಟು ಮತ್ತೆ ದಾರ ಕಟ್ಟುವುದು. ಎರಡನೆಯ ವಾರ ಪಟ್ಟಿಯ ಕೆಲಸ. ಗರಿಗಳೆಷ್ಟು, ಉದ್ದಗಲವೆಷ್ಟು, ಪುಟಕ್ಕೆ ಪಂಕ್ತಿಗಳೆಷ್ಟು, ಲಿಪಿ ಯಾವುದು, ಆದಿ ಅಂತ್ಯಗಳು ಇವೆಯೆ ಎಂದು ಬರೆಯುತ್ತ ಹೋಗಬೇಕು. ಗ್ರಂಥಲಿಪಿ ಅವಳಿಗೆ ಬಾರದು. ನಂದಿನಾಗರಿ ಅರ್ಧ ಬರುತ್ತದೆ. ನಡುನಡುವೆ ಕಚೇರಿಯ ಪತ್ರಗಳನ್ನು ಟೈಪು ಮಾಡಿಕೊಡುವ ಕೆಲಸವೂ ಬೀಳುತ್ತದೆ. ಎಂ.ಎ. ಓದಿದುದು ಇದಕ್ಕೆಯೆ ಎಂದು ಅವಳಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಭಂಡಾರದಲ್ಲಿ ವಯಸ್ಸಾದ ಪಂಡಿತರೊಬ್ಬರು. ಕಾವ್ಯದ ಕಟ್ಟೊಂದನ್ನು ಬಿಚ್ಚಿ ಓದಲು ಕುಳಿತವಳನ್ನು ನೋಡಿ ಅವರು ಹೇಳಿದ ಮಾತು ಇಷ್ಟೆ: ‘ಓದುವುದು ಆಮೇಲೆ ತಾಯಿ, ಮೊದಲು ಎಣಿಸು.’ ಅವಳು ಬೇಸರದಿಂದಲೇ ಎಣಿಸತೊಡಗಿದಳು. ಆದರೆ ಎಣಿಸುವಾಗಲೆಲ್ಲ ಒಂದು ಸಣ್ಣ ನಿಯಮವನ್ನು ಇಟ್ಟುಕೊಂಡಳು. ತಿಳಿಯದುದನ್ನು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ದಿನಕ್ಕೆ ಒಂದೇ ಪ್ರಶ್ನೆಯನ್ನು ಆರಿಸಿ, ಪಂಡಿತರು ಮಧ್ಯಾಹ್ನದ ಕಾಫಿಗೆ ಏಳುವ ಹೊತ್ತಿನಲ್ಲಿ ಕೇಳುವುದು. ಹತ್ತು ಪ್ರಶ್ನೆಗಳನ್ನು ಒಮ್ಮೆಗೇ ಕೇಳುವವರನ್ನು ಕೆಲಸಗಾರರು ದೂರವಿಡುತ್ತಾರೆ. ಒಂದನ್ನು ಚೆನ್ನಾಗಿ ಕೇಳುವವರಿಗೆ ಹತ್ತರ ಉತ್ತರವನ್ನು ತಾವಾಗಿ ಹೇಳುತ್ತಾರೆ. ಮೂರು ತಿಂಗಳೊಳಗೆ ಅವಳು ಗ್ರಂಥಲಿಪಿಯನ್ನು ತಡವರಿಸದೆ ಓದುವಂತಾದಳು.

ಒಂದು ಸಂಜೆ ಒಂದು ಕಟ್ಟಿನಲ್ಲಿ ಪಟ್ಟಿಯಲ್ಲಿದ್ದ 96 ಗರಿಗಳಿಗೆ ಬದಲಾಗಿ 97 ಬಂದವು. ಹೆಚ್ಚಾಗಿದ್ದ ಗರಿಯ ಅಂಚಿನಲ್ಲಿ 41 ಎಂಬ ಅಂಕೆ ಇದ್ದಿತು. ಆ ಕಟ್ಟಿನಲ್ಲಿ ಅದರದೇ ಆದ 41ನೆಯ ಗರಿಯೂ ಇದ್ದಿತು. ಅಳತೆ ಹೆಚ್ಚು ಕಡಮೆ ಒಂದೇ. ದಾರ ಪೋಣಿಸುವ ರಂಧ್ರಗಳ ಅಂತರ ಮಾತ್ರ ಬೇರೆ. ಬಾಗಿಲು ಹಾಕುವ ಹೊತ್ತಾಗಿದ್ದಿತು. 97 ಎಂದು ತಿದ್ದಿ ಕಟ್ಟಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ರಂಧ್ರಗಳ ಅಂತರವನ್ನು ಅಳೆದು, ಗರಿಯ ಮೊದಲ ಮತ್ತು ಕಡೆಯ ಪಂಕ್ತಿಗಳನ್ನು ಟಿಪ್ಪಣಿಗೆ ಇಳಿಸಿಕೊಂಡಳು. ಮೂರು ವಾರಗಳ ತರುವಾಯ ಬೇರೊಂದು ಕಪಾಟಿನ ಕಟ್ಟಿನಲ್ಲಿ 40ರಿಂದ 42ಕ್ಕೆ ಅಂಕೆ ಹಾರಿತು. ಪಂಡಿತರು ಕನ್ನಡಕ ಏರಿಸಿ 40ರ ಕಡೆಯ ಪಂಕ್ತಿಯನ್ನೂ ಆ ಗರಿಯ ಮೊದಲ ಪಂಕ್ತಿಯನ್ನೂ ಓದಿದರು, ವಾಕ್ಯ ಕೂಡಿಕೊಂಡಿತು. ಗ್ರಂಥವೇನೂ ಅಪೂರ್ವವಾದುದಲ್ಲ, ಬೇರೆ ಪ್ರತಿಗಳೂ ಇರುವ ಒಂದು ವೈದ್ಯಗ್ರಂಥ. ಆದರೆ ಮುಂದಿನ ತಿಂಗಳು ಆ ಕಪಾಟಿನ ಕಟ್ಟುಗಳ ಛಾಯಾಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವುದೆಂದು ನಿಶ್ಚಯವಾಗಿದ್ದಿತು. ಗರಿ ತಪ್ಪಿದ ಜಾಗದಲ್ಲೇ ಉಳಿದಿದ್ದರೆ ಆ ತಪ್ಪೂ ಚಿತ್ರದಲ್ಲಿ ಶಾಶ್ವತವಾಗಿಬಿಡುತ್ತಿದ್ದಿತು. ಪಟ್ಟಿಯಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿದ್ದಿತು: ‘41ನೆಯ ಗರಿ ದೊರೆತಿದೆ.’ ಯಾರಿಗೆ ದೊರೆಯಿತೆಂದು ಅದರಲ್ಲಿ ಬರೆದಿಲ್ಲ. ಓಲೆಯ ಲಿಪಿಕಾರರಲ್ಲಿಯೂ ಎಷ್ಟೋ ಮಂದಿ ತಮ್ಮ ಹೆಸರನ್ನು ಬರೆಯದೆ, ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಪುಸ್ತಕವನ್ನು ಕಾಪಾಡಿರೆಂದು ಮಾತ್ರ ಕೊನೆಯಲ್ಲಿ ಬೇಡಿಕೊಂಡವರು. ಅವಳೂ ಆ ಸಾಲಿಗೆ ಸೇರಿದಳು.

ಅಷ್ಟರಲ್ಲಿ ಬ್ಯಾಂಕಿನ ಪರೀಕ್ಷೆಯ ದಿನ ಹತ್ತಿರವಾಯಿತು. ‘ಇನ್ನು ಸಾಕು ಮಗು, ಬಂದುಬಿಡು, ಮನೆಯಲ್ಲಿ ಕುಳಿತು ಓದಿಕೋ’ ಎಂದು ತಂದೆ ಹೇಳಿದರು. ಅವಳು ಬೆಳಗಿನ ಎರಡು ಗಂಟೆಗಳನ್ನು ಪರೀಕ್ಷೆಗೆ ಮೀಸಲಿಟ್ಟಳು. ಕಪಾಟನ್ನು ಮಾತ್ರ ನಡುವೆ ಬಿಡಲಿಲ್ಲ. ಭಾನುವಾರ ಪರೀಕ್ಷೆ ಬರೆದು ಸೋಮವಾರ ಎಣಿಕೆಗೆ ಕುಳಿತಳು. ಅವಧಿ ಮುಗಿಯುವ ಮುನ್ನ ಕಟ್ಟುಗಳಲ್ಲಿ ನೋಡಿದುದೆಷ್ಟು, ಸಂಶಯ ಉಳಿದುದೆಲ್ಲಿ, ಯಾವ ಕಟ್ಟಿಗೆ ಹುಳು ಬಿದ್ದಿದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಮುಂದೆ ಬರುವವರಿಗೆಂದು ಇಟ್ಟುಬಂದಳು. ಕೊನೆಗೆ ಅವಳಿಗೆ ದೊರೆತುದು ಬ್ಯಾಂಕಿನ ಕೆಲಸವೇ; ಎಣಿಸುವ ಕೆಲಸದಿಂದ ಎಣಿಸುವ ಕೆಲಸಕ್ಕೇ ಹೋದಳೆಂದು ಪಂಡಿತರು ನಕ್ಕರು. ಹಾಗಾದರೆ ಆರು ತಿಂಗಳು ವ್ಯರ್ಥವಾಯಿತೆ? ತೆರವಾಗುವ ಜಾಗಕ್ಕಾಗಿ ಕಾದವಳ ಲೆಕ್ಕದಲ್ಲಿ ಆಯಿತು. ಸಮೀಪದಲ್ಲಿ ಇದ್ದವಳ ಲೆಕ್ಕದಲ್ಲಿ ಆಗಲಿಲ್ಲ. ಒಂದು ಲಿಪಿ ಅವಳದಾಯಿತು. ಕೆಲಸವನ್ನು ಕಡೆಮುಟ್ಟಿಸುವ ಅಭ್ಯಾಸ ಅವಳದಾಯಿತು. ಮುಂದೆ ಬಂದ ಹುಡುಗನು ಮೊದಲಿನಿಂದ ತೊಡಗದೆ ಅವಳು ಬಿಟ್ಟಲ್ಲಿಂದ ತೊಡಗಿದನು.

ಧೂಳು ಕೊಡಹುವ ಕೆಲಸದಿಂದ ದೊಡ್ಡದೇನು ಬಂದೀತೆಂದು ಕೇಳುವವರು ಮೈಸೂರಿನ ಕಡೆಗೆ ನೋಡಬಹುದು. 1891ರಲ್ಲಿ ಅಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಭಂಡಾರವೇ ಮುಂದೆ, 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅಲ್ಲಿ ಪುಸ್ತಕಪಾಲಕರಾಗಿದ್ದರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಅವರು ಗುರುತಿಸಿದರು. 1909ರಲ್ಲಿ ಮೂಲವು ಅಚ್ಚಾಯಿತು; 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕರೂಪವಾಗಿ ಬಂದಿತು. ಬಹುಕಾಲ ಹೆಸರಿನಿಂದಲೂ ಉಲ್ಲೇಖಗಳಿಂದಲೂ ಮಾತ್ರ ತಿಳಿದಿದ್ದ ಗ್ರಂಥವೊಂದು ಹೀಗೆ ಲೋಕದ ಕೈಗೆ ಬಂದಿತು. ಕಟ್ಟುಗಳನ್ನು ಬಿಚ್ಚಿ ನೋಡುವುದು ಪುಸ್ತಕಪಾಲಕನ ನಿತ್ಯಕರ್ಮ. ಆ ನಿತ್ಯಕರ್ಮವೇ ಅವರನ್ನು ಆ ಕಟ್ಟಿನ ಬಳಿ ಕೂರಿಸಿತು. ವಿದ್ವತ್ತು ಅಲ್ಲಿ ಇದ್ದುದು ಏನೆಂದು ಗುರುತಿಸಿತು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ. ಇಂಥ ಲಾಭ ಎಲ್ಲರಿಗೂ ಒದಗುವುದಿಲ್ಲ. ಆದರೆ ಒದಗುವುದಾದರೆ ಸಮೀಪದಲ್ಲಿದ್ದವರಿಗೇ ಒದಗುತ್ತದೆ.

ಇಷ್ಟರಿಂದ, ಕೊಟ್ಟ ಕೆಲಸವನ್ನೆಲ್ಲ ಬಾಯಿಮುಚ್ಚಿಕೊಂಡು ಮಾಡತಕ್ಕದ್ದೆಂದು ತಿಳಿಯಬಾರದು. ಸಮೀಪದಲ್ಲಿರುವ ಹಕ್ಕನ್ನು ಕೇಳಿ ಪಡೆಯಬೇಕಾದ ಸಂದರ್ಭವೂ ಉಂಟು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪಡೆದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿಯೆಂದು ಪ್ರಸಿದ್ಧರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಂಗಸೆಂಬ ಕಾರಣದಿಂದ ಅಂದಿನ ನಿರ್ದೇಶಕರಾದ ಸಿ.ವಿ. ರಾಮನ್ನರು ಒಪ್ಪಲಿಲ್ಲ. ಅವರು ಸುಮ್ಮನೆ ಹಿಂದಿರುಗದೆ ಪಟ್ಟು ಹಿಡಿದು ಕೇಳಿದ ಮೇಲೆ ಷರತ್ತುಗಳೊಡನೆ ಒಂದು ವರ್ಷದ ಮಟ್ಟಿಗೆ ಪ್ರವೇಶ ದೊರೆಯಿತು. ಆ ಷರತ್ತುಗಳ ಅವಮಾನವನ್ನು ಅವರು ಮರೆಯಲಿಲ್ಲ. ಆದರೆ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಮಾಡಿದ ಕೆಲಸ ವರ್ಷದ ಕೊನೆಯಲ್ಲಿ ಅವರ ಪರವಾಗಿ ಮಾತಾಡಿತು. ಪೂರ್ಣ ಪ್ರವೇಶವೂ ಸಿಕ್ಕಿತು. ಬೇರೆ ಸ್ತ್ರೀಯರಿಗೂ ಆ ಬಾಗಿಲು ತೆರೆಯಿತು. 1939ರಲ್ಲಿ ಕೇಂಬ್ರಿಜ್ಜಿನಿಂದ ಅವರು ಡಾಕ್ಟರೇಟ್ ಪಡೆದರು. ಕೆಲಸ ಮಾಡುವುದು ಬೇರೆ, ಅನ್ಯಾಯವನ್ನು ನ್ಯಾಯವೆಂದು ಒಪ್ಪಿಕೊಳ್ಳುವುದು ಬೇರೆ, ಎಂಬ ವಿವೇಕ ಆ ಒಂದು ವರ್ಷದಲ್ಲಿದೆ.

ವಿಶ್ವವಿದ್ಯಾನಿಲಯಕ್ಕೂ ಇಲ್ಲಿ ಒಂದು ಕರ್ತವ್ಯವಿದೆ. ಆರು ತಿಂಗಳಿಗೆ ಬಂದವಳನ್ನು ಆರು ತಿಂಗಳೂ ಪತ್ರ ಟೈಪು ಮಾಡಲು ಕೂರಿಸಿದರೆ ಅದು ಕಲಿಕೆಯಲ್ಲ, ಬಿಟ್ಟಿಯ ಚಾಕರಿ. ಅವಳಿಗೆ ಒಬ್ಬ ಹಿರಿಯರನ್ನು ಗೊತ್ತುಮಾಡಬೇಕು. ಅವಳದೇ ಎನ್ನಬಹುದಾದ, ಅವಧಿಯೊಳಗೆ ಮುಗಿಯುವ ಒಂದು ಕೆಲಸವನ್ನು ಕೊಡಬೇಕು. ಭತ್ಯವನ್ನು ಸಕಾಲಕ್ಕೆ ಸಲ್ಲಿಸಬೇಕು. ಬಂದವಳೂ ಇವನ್ನು ಮೊದಲ ದಿನಗಳಲ್ಲಿಯೇ ವಿನಯದಿಂದ, ಸಾಧ್ಯವಾದರೆ ಬರಹದಲ್ಲಿ, ಕೇಳಿ ತಿಳಿಯುವುದು ಒಳ್ಳೆಯದು. ತಿಂಗಳಿಗೊಮ್ಮೆ ಮಾಡಿದ ಕೆಲಸದ ಒಂದು ಪುಟವನ್ನು ಹಿರಿಯರಿಗೆ ಒಪ್ಪಿಸಿದರೆ ಮರೆವಿಗೆ ಎಡೆಯಿರುವುದಿಲ್ಲ. ಮುಂದೆ ಪ್ರಶಸ್ತಿಪತ್ರ ಬರೆಯುವವರಿಗೆ ಬರೆಯಲು ವಿಷಯವೂ ಇರುತ್ತದೆ. ತನ್ನ ವಿಭಾಗದ ಗೋಡೆಯಾಚೆಗೂ ವಿಶ್ವವಿದ್ಯಾನಿಲಯವಿದೆಯೆಂಬುದನ್ನು ಮರೆಯಬಾರದು. ಅಲ್ಲಿನ ಪುಸ್ತಕಭಂಡಾರ, ಸಂಜೆಯ ಉಪನ್ಯಾಸ, ಬೇರೆ ವಿಭಾಗದ ಸಹಪಾಠಿಗಳ ಮಾತು, ಇವಕ್ಕೆ ಶುಲ್ಕವಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಇವನ್ನು ಹಣ ಕೊಟ್ಟರೂ ತರಿಸಿಕೊಳ್ಳಲಾಗದು.

ಮನೆಯವರು ‘ಆಮೇಲೆ ಏನು?’ ಎಂದು ಕೇಳಲಿ. ಕೇಳುವುದು ಅವರ ಪ್ರೀತಿಯ ಲಕ್ಷಣ. ಅದರ ಜೊತೆಗೆ ಇನ್ನೊಂದನ್ನೂ ಕೇಳುವುದಾದರೆ ಮಕ್ಕಳಿಗೆ ಉಪಕಾರವಾದೀತು: ‘ಇವತ್ತು ಯಾರ ಪಕ್ಕದಲ್ಲಿ ಕುಳಿತಿದ್ದೆ? ಅವರು ಏನು ಮಾಡುತ್ತಿದ್ದರು?’ ಇದಕ್ಕೆ ದಿನದಿನವೂ ಹೊಸ ಉತ್ತರ ಹೇಳಬಲ್ಲವರು, ಅವಧಿ ಮುಗಿದ ದಿನ ಕೆಲಸ ಸಿಕ್ಕರೂ ಸಿಗದಿದ್ದರೂ, ಬರಿಗೈಯಲ್ಲಿ ಮನೆಗೆ ಬರುವುದಿಲ್ಲ.