ಅಣ್ಣನ ಕ್ಯೂಬು, ನನ್ನ ತಪ್ಪು

ಮೊನ್ನೆ ಊರಿಗೆ ಹೋದಾಗ ಅಮ್ಮ ತಾಮ್ರದ ಹಂಡೆ ಇಳಿಸಿಕೊಡು ಅಂತ ಅಟ್ಟ ಹತ್ತಿಸಿದಳು. ಹಂಡೆಯೊಳಗೆ ಸಿಕ್ಕಿದ್ದು ಅಣ್ಣನ ರೂಬಿಕ್ಸ್ ಕ್ಯೂಬು!

ಎಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಬೆಂಗಳೂರಿನಿಂದ ತಂದದ್ದು. ಅಣ್ಣ ಆಗ ಎಂಟನೇ ಕ್ಲಾಸು, ನಾನು ನಾಲ್ಕು. ಗೆಳೆಯನೊಬ್ಬನಿಂದ ಕಲಿತು ಹತ್ತು ನಿಮಿಷದಲ್ಲಿ ಜೋಡಿಸುತ್ತಿದ್ದ. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಅದೇನಾಯ್ತೋ, ಎಲ್ಲಾ ಸರಿಹೋದರೂ ಕೊನೆಗೆ ಒಂದೇ ಒಂದು ಮೂಲೆ ತಿರುಚಿಕೊಂಡು ನಿಲ್ಲುತ್ತಿತ್ತು. ಎರಡು ತಿಂಗಳು ಒದ್ದಾಡಿದ. "ನನ್ನ ತಲೆಗೆ ಇವೆಲ್ಲ ಹತ್ತಲ್ಲ ಬಿಡು" ಅಂತ ಅಟ್ಟಕ್ಕೆ ಎಸೆದ. ಅಪ್ಪ ಬೇರೆ "ಮರೆತುಬಿಟ್ಯಾ?" ಅಂತ ನಕ್ಕಿದ್ದರು.

ಏನಾಗಿತ್ತು ಅಂತ ನನಗೆ ಗೊತ್ತಿತ್ತು. ಅವನಿಲ್ಲದಾಗ ಸ್ಕ್ರೂಡ್ರೈವರಿನಿಂದ ಮೀಟಿ ಬಿಚ್ಚಿ, ಕೈಗೆ ಬಂದಂತೆ ಜೋಡಿಸಿಟ್ಟಿದ್ದೆ. ಬೈಸಿಕೊಳ್ಳೋ ಭಯಕ್ಕೆ ಬಾಯಿ ಬಿಡಲಿಲ್ಲ. "ಅದರಿಂದಲೇ ಆಗಿರಲಿಕ್ಕಿಲ್ಲ" ಅಂತ ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದೆ.

ಈ ಸಲ ಪರೀಕ್ಷೆ ಮಾಡೇಬಿಡೋಣ ಅಂತ ಲ್ಯಾಪ್‌ಟಾಪಿಗೆ ಗ್ಯಾಪ್ ಹಾಕಿಕೊಂಡೆ. ಜರ್ಮನಿಯ ಆಖೆನ್‌ನಲ್ಲಿ 1986ರಲ್ಲಿ ಶುರುವಾದ ಉಚಿತ ತಂತ್ರಾಂಶ ಇದು, ಗ್ರೂಪ್ ಥಿಯರಿ ಲೆಕ್ಕಗಳಿಗೆಂದೇ ಇರೋದು. ನಡುವಿನ ಆರು ಚೌಕ ಬಿಟ್ಟು ಉಳಿದ 48ಕ್ಕೆ ನಂಬರ್ ಕೊಟ್ಟು, ಆರು ಮುಖ ತಿರುಗಿಸಿದಾಗ ಯಾವ ನಂಬರ್ ಎಲ್ಲಿಗೆ ಹೋಗುತ್ತೆ ಅಂತ ಬರೆದುಕೊಟ್ಟರೆ ಸಾಕು. ಗ್ರೂಪ್ ಎಷ್ಟು ದೊಡ್ಡದು ಅಂತ ಕೇಳಿದೆ: 43,252,003,274,489,856,000. ಅಣ್ಣನ ಕ್ಯೂಬಿನ ಸ್ಥಿತಿಯನ್ನ ಟೈಪ್ ಮಾಡಿ, ಇದು ಈ ಗ್ರೂಪಿನೊಳಗೆ ಇದೆಯಾ ಅಂತ ಕೇಳಿದೆ. ಕಣ್ಣು ಮಿಟುಕಿಸೋದರಲ್ಲಿ ಉತ್ತರ: ಫಾಲ್ಸ್.

ಕಾರಣ ಬಹಳ ಸರಳ. ಮೂಲೆಯೊಂದು ಒಂದು ಸಲ ತಿರುಚಿದ್ದರೆ 1, ಎರಡು ಸಲ ಅಂದರೆ 2 ಅಂತ ಲೆಕ್ಕ ಇಡಿ. ಮೇಲಿನ ಅಥವಾ ಕೆಳಗಿನ ಮುಖ ತಿರುಗಿಸಿದರೆ ಏನೂ ಕೂಡೋದಿಲ್ಲ. ಪಕ್ಕದ ಮುಖವಾದರೆ ಅದರ ನಾಲ್ಕು ಮೂಲೆಗೆ 1, 2, 1, 2 ಕೂಡುತ್ತೆ, ಒಟ್ಟು 6. ಅಂದರೆ ಎಷ್ಟೇ ತಿರುಗಿಸಿ, ಎಂಟೂ ಮೂಲೆಗಳ ಮೊತ್ತ ಮೂರರ ಮಗ್ಗಿಯಲ್ಲೇ ಇರಬೇಕು. ಒಂದೇ ಮೂಲೆ ತಿರುಚಿದ್ದರೆ ಮೊತ್ತ 1 ಅಥವಾ 2. ಸಾಧ್ಯವೇ ಇಲ್ಲ! ಹಾಗೇ ಅಂಚಿನ ಒಂದೇ ತುಂಡು ಮಗುಚೋದಿಲ್ಲ, ಎರಡೇ ತುಂಡು ಅದಲುಬದಲಾಗೋದಿಲ್ಲ. 3×2×2 ಅಂದರೆ 12. ಬಿಚ್ಚಿ ಮನಸ್ಸಿಗೆ ಬಂದಂತೆ ಜೋಡಿಸಿದರೆ ಸರಿಹೋಗೋ ಸಂಭವ ಹನ್ನೆರಡರಲ್ಲಿ ಒಂದು.

ಸರಿಯಾದ ಕ್ಯೂಬು ಎಷ್ಟೇ ಕಲಸಿಹೋಗಿದ್ದರೂ 20 ತಿರುವು ಸಾಕು ಅಂತ 2010ರಲ್ಲಿ ಕಂಪ್ಯೂಟರ್ ಹಚ್ಚಿ ಸಾಬೀತು ಮಾಡಿದರು. ಅಣ್ಣನದಕ್ಕೆ ಇಪ್ಪತ್ತು ಕೋಟಿ ತಿರುವೂ ಸಾಲುತ್ತಿರಲಿಲ್ಲ. ಎರಡು ತಿಂಗಳು ಅವನು ಒಂದೂ ತಪ್ಪು ಮಾಡಿರಲಿಲ್ಲ.

ರಾತ್ರಿ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಆ ಮೂಲೆ ಸರಿ ಮಾಡಿಟ್ಯೇನೋ?"

"ಇಲ್ಲ ಕಣೋ."

"ಮಾಡಬೇಡ. ಭಾನುವಾರ ನಾನೇ ಬರ್ತೀನಿ. ಅಪ್ಪನ ಎದುರಿಗೇ ಮಾಡ್ತೀನಿ."

ನಿಮ್ಮ ಮನೆ ಅಟ್ಟದ ಮೇಲೂ ಇಂಥದ್ದೊಂದು ಬಿದ್ದಿದ್ದರೆ, ನಿಮ್ಮ ತಲೆಯನ್ನ ಬೈದುಕೊಳ್ಳೋ ಮೊದಲು ತಮ್ಮನನ್ನೊಮ್ಮೆ ವಿಚಾರಿಸಿ ನೋಡಿ :)