ತಾಳೆಯಾಗದ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ನಾವು ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ನೆಮ್ಮದಿಯಾಗಿದ್ದೆವು. ಆ ನೆಮ್ಮದಿಯನ್ನು ಕೆಡಿಸಿದವಳು ನಮ್ಮ ಮಗಳು. ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೈಗೆ ಬಂದ ಒಳ್ಳೆಯ ಕೆಲಸವನ್ನು ಬಿಟ್ಟು, "ಅಪ್ಪಾ, ನಾನು ಡಾರ್ಕ್ ಮ್ಯಾಟರ್ ಹುಡುಕಲು ಹೋಗುತ್ತೇನೆ" ಎಂದಳು.

"ಅದು ಎಲ್ಲಿದೆ?"

"ಎಲ್ಲೆಲ್ಲೂ ಇದೆ ಎನ್ನುತ್ತಾರೆ. ಯಾರೂ ಕಂಡಿಲ್ಲ."

ನಮ್ಮ ಮನೆಯವರು ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

ಮಗಳು ಕಾಗದ ತಂದು ವಿವರಿಸಿದಳು. ಸೂರ್ಯನಿಗೆ ಹತ್ತಿರದ ಬುಧ ಬೇಗ ಓಡುತ್ತದೆ, ದೂರದ ನೆಪ್ಚೂನ್ ಮೆಲ್ಲಗೆ ನಡೆಯುತ್ತದೆ. ಗೆಲಾಕ್ಸಿಯ ನಕ್ಷತ್ರಗಳೂ ಹಾಗೆಯೇ ಇರಬೇಕಲ್ಲವೆ? ಆದರೆ 1970ರಲ್ಲಿ ವೀರಾ ರೂಬಿನ್ ಎಂಬಾಕೆಯೂ ಕೆಂಟ್ ಫೋರ್ಡ್ ಎಂಬವರೂ ಆಂಡ್ರೊಮಿಡ ಗೆಲಾಕ್ಸಿಯನ್ನು ಅಳೆದಾಗ, ಹೊರಗಿನವೂ ಹೆಚ್ಚುಕಡಮೆ ಒಳಗಿನವುಗಳಷ್ಟೇ ವೇಗದಲ್ಲಿ ಸುತ್ತುತ್ತಿದ್ದವು. ಕಾಣುವ ದ್ರವ್ಯದ ಸೆಳೆತ ಇದಕ್ಕೆ ಸಾಲದು. ವಿಶ್ವದಲ್ಲಿ ಕಾಣುವುದರ ಸುಮಾರು ಐದು ಪಟ್ಟು ಕಾಣದ ದ್ರವ್ಯವಿದ್ದರೆ ಲೆಕ್ಕ ಸರಿಹೋಗುತ್ತದಂತೆ.

"ಇದು ನಮ್ಮ ಸಸ್ಪೆನ್ಸ್ ಖಾತೆ!" ಎಂದೆವು.

ಲೆಕ್ಕ ಬರೆದ ಓದುಗರು ಬಲ್ಲರು. ತಾಳೆಪಟ್ಟಿಯಲ್ಲಿ 27 ರೂಪಾಯಿ ವ್ಯತ್ಯಾಸ ಬಂತೆನ್ನಿ. ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಹುಡುಕಲು ಕೂರುತ್ತೇವೆ. ಒಂದೋ ಯಾವುದೋ ಚೀಟಿ ಕಳೆದಿದೆ. ಇಲ್ಲವೆ 41ನ್ನು 14 ಎಂದು ನಾವೇ ತಿರುಗಿಸಿ ಬರೆದಿದ್ದೇವೆ.

ಆಕಾಶದಲ್ಲಿ ಎರಡೂ ನಡೆದಿವೆ ಎಂದಳು ಮಗಳು. ಯುರೇನಸ್ಸಿನ ನಡೆ ಲೆಕ್ಕಕ್ಕೆ ಹೊಂದದಿದ್ದಾಗ ಫ್ರಾನ್ಸಿನ ಲವೆರಿಯೆ ಕಾಣದ ಗ್ರಹವೊಂದನ್ನು ಗುಣಿಸಿ ತೋರಿಸಿದ. 1846ರಲ್ಲಿ ಬರ್ಲಿನ್ನಿನಲ್ಲಿ ನೆಪ್ಚೂನ್ ಸಿಕ್ಕಿತು. ಅದು ಕಳೆದ ಚೀಟಿ. ಬುಧನ ನಡೆ ಹೊಂದದಿದ್ದಾಗಲೂ ಆತ ಹಾಗೆಯೇ ಹೇಳಿದ. ಕಾಣದ ಆ ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಅದು ಇರಲೇ ಇಲ್ಲ. ನ್ಯೂಟನ್ನನ ನಿಯಮವೇ ಅಲ್ಲಿಗೆ ಸಾಲದೆಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು. 1983ರಲ್ಲಿ ಮಿಲ್ಗ್ರೋಮ್ ಎಂಬವರು ಈ ಸಲವೂ ನಿಯಮವನ್ನೇ ತಿದ್ದೋಣ ಎಂದರು. ಆ ತಿದ್ದುಪಡಿ ಒಂದೊಂದು ಗೆಲಾಕ್ಸಿಗೆ ಚೆನ್ನಾಗಿ ಒಪ್ಪಿದರೂ ಗೆಲಾಕ್ಸಿಗಳ ದೊಡ್ಡ ಗುಂಪುಗಳಿಗೆ ಪೂರ್ತಿ ಸಾಲದು. ಅದರಿಂದಲೇ ಹೆಚ್ಚಿನವರು ಇನ್ನೂ ಚೀಟಿಯನ್ನೇ ಹುಡುಕುತ್ತಿದ್ದಾರೆ. ಅಮೆರಿಕದ ದಕ್ಷಿಣ ಡಕೋಟದಲ್ಲಿ, ಮುಚ್ಚಿದ ಚಿನ್ನದ ಗಣಿಯೊಳಗೆ, ಸುಮಾರು ಒಂದೂವರೆ ಕಿಲೋಮೀಟರು ಕೆಳಗೆ, ಹತ್ತು ಟನ್ ದ್ರವ ಕ್ಸೆನಾನ್ ಇಟ್ಟು ಕಾದಿದ್ದಾರೆ. 2024ರಲ್ಲಿ 280 ದಿನಗಳ ಫಲ ತಿಳಿಸಿದರು: ಏನೂ ಸಿಕ್ಕಿಲ್ಲ.

ಚಿನ್ನದ ಗಣಿ ಎಂದೊಡನೆ ನಮಗೆ ನಮ್ಮ ಕೋಲಾರ ನೆನಪಾಯಿತು. ಅಲ್ಲಿಯ ಗಣಿಯ ಆಳದಲ್ಲಿ ಇದೇ ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರು, ಜಪಾನ್ ಇಂಗ್ಲೆಂಡುಗಳವರೊಡನೆ, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ಗಣಿಯಲ್ಲಿ ಮುಂದೆ, ಪ್ರೋಟಾನ್ ಒಡೆಯುವುದೇ ಎಂದು ವರ್ಷಗಟ್ಟಲೆ ಕಾದರು. ಖಚಿತವಾಗಿ ಒಂದೂ ಸಿಗಲಿಲ್ಲ.

"ಸಿಗದೇ ಹೋದರೆ ನಿನ್ನ ಆಯುಸ್ಸು ವ್ಯರ್ಥವಲ್ಲವೇನಮ್ಮಾ?"

"ಚೀಟಿ ಈ ಕಪಾಟಿನಲ್ಲಿಲ್ಲ ಎಂದು ಗೊತ್ತಾದರೆ ನೀವು ಏನು ಮಾಡುತ್ತಿದ್ದಿರಿ, ಅಪ್ಪಾ?"

"ಬೇರೆ ಕಪಾಟು ನೋಡುತ್ತಿದ್ದೆವು."

"ಮತ್ತೆ ಯಾರೂ ಆ ಕಪಾಟನ್ನು ತಡಕಬೇಕಿಲ್ಲ. ಅಷ್ಟಾದರೂ ಕೆಲಸವಲ್ಲವೆ?"

ಇದುವರೆಗೆ ಮನೆಯಲ್ಲೂ ಹೇಳದ ಒಂದು ಮಾತು ಆಗ ಬಾಯಿಗೆ ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಹುಡುಕಿ ಹುಡುಕಿ ಬೇಸತ್ತು, ಕೊರತೆಯ 27 ರೂಪಾಯಿಯನ್ನು ನಮ್ಮ ಜೇಬಿನಿಂದಲೇ ಹಾಕಿ ಲೆಕ್ಕ ಮುಗಿಸಿದ್ದೆವು. ಮೂರು ತಿಂಗಳ ಮೇಲೆ ತಪ್ಪು ಹೊರಬಿದ್ದಿತು. ಹಣ ಹೋದದ್ದಕ್ಕಲ್ಲ, ತಾಳೆಯಾಯಿತೆಂದು ಸಹಿ ಹಾಕಿದ್ದಕ್ಕೆ ಇಂದಿಗೂ ನಾಚಿಕೆ. ಈ ವಿಜ್ಞಾನಿಗಳಾದರೋ ಜೇಬಿನಿಂದ ಹಾಕಿ ಮುಗಿಸಲಿಲ್ಲ. ವ್ಯತ್ಯಾಸವನ್ನು ವ್ಯತ್ಯಾಸವೆಂದೇ ಬರೆದಿಟ್ಟಿದ್ದಾರೆ. ಅಂಥವರ ಜೊತೆ ಕೂರಲು ಮಗಳು ಹೋಗುತ್ತೇನೆಂದರೆ ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ.

"ಅಲ್ಲಿ ಚಳಿ ಬಹಳವೇನೇ? ಚಟ್ನಿಪುಡಿ ಎಷ್ಟು ಕಟ್ಟಲಿ?" ಎಂದರು ನಮ್ಮ ಮನೆಯವರು.